ಅತಿಥಿಗಳಿಗೆ ಮಾತ್ರ

"ನಿನ್ನ ಉಚ್ಚೆಗೋಸ್ಕರ ಹಡಗು ಕಾಯುತ್ತಾ? ಮುಚ್ಕೊಂಡು ಕೆರಿ."

ಮೇಸ್ತ್ರಿ ಗುಂಡಿಯ ದಂಡೆಯ ಮೇಲೆ ನಿಂತು ಹೇಳಿದ. ಗುಂಡಿಯೆಂದರೆ ಹಡಗನ್ನು ಒಳಗೆ ಬಿಟ್ಟುಕೊಂಡು, ಬಾಗಿಲು ಮುಚ್ಚಿ, ನೀರು ಬಸಿದು ರಿಪೇರಿ ಮಾಡುವ ಜಾಗ. ಅದರ ತಳದಲ್ಲಿ, ಹಡಗಿನ ಹೊಟ್ಟೆಯ ಕೆಳಗೆ, ಹತ್ತು ಹನ್ನೆರಡು ಹೆಂಗಸರು ಸುತ್ತಿಗೆ ಹಿಡಿದು ತುಕ್ಕನ್ನೂ ಅಂಟಿದ ಚಿಪ್ಪನ್ನೂ ಕೆರೆದು ಉದುರಿಸುತ್ತಿದ್ದರು. ಬಾಯಿಗೆ ಬಟ್ಟೆ ಕಟ್ಟಿದ್ದರೂ ಉಗುಳಿದರೆ ಕೆಂಪು.

ಬೈಸಿಕೊಂಡವಳು ಆರು ತಿಂಗಳ ಬಸುರಿ. ದಿನಾ ಹೆಂಗಸರೆಲ್ಲ ಹಳೆ ತಗಡಿನ ರಾಶಿಯ ಹಿಂದೆ ಕೂತು ಬರುತ್ತಿದ್ದರು. ಇವತ್ತು ಹಡಗು ಕಂಪನಿಯ ದೊಡ್ಡವರು ಯಾರ್ಡು ನೋಡಲು ಬರುತ್ತಾರೆಂದು ಅಲ್ಲಿ ಬ್ಲೀಚಿಂಗ್ ಪುಡಿ ಎರಚಿ, ಹಗ್ಗ ಕಟ್ಟಿಬಿಟ್ಟಿದ್ದರು.

"ತಡೆಯೋಕಾಗ್ತಿಲ್ಲ ಅಣ್ಣಾ."

"ಬಸುರಾಗು ಅಂತ ನಾನಂದ್ನಾ?"

"ನೀನು ಬೇರೆ ಅನ್ಬೇಕಿತ್ತಾ, ಮೂದೇವಿ?" ಎಂದಳು ಅವಳ ಅತ್ತೆ, ಕೆರೆಯುತ್ತಲೇ. "ನಿನ್ನ ಮುಖ ನೋಡಿದ್ರೆ ನಿನ್ನ ಹೆಂಡ್ತೀನೇ ಕದ ತೆಗೆಯಲ್ಲ."

ಹೆಂಗಸರು ಕಿಸಕ್ಕೆಂದರು. ಯಾರ್ಡಿನವರು ಈ ಅತ್ತೆಗೆ ಇಟ್ಟ ಹೆಸರು ಗರಗಸ. ಬಾಯಿ ಬಿಟ್ಟರೆ ಎದುರಿಗಿದ್ದವರು ಎರಡು ತುಂಡು.

ಅಷ್ಟರಲ್ಲಿ ಬೂಟುಗಳ ಸದ್ದಾಯಿತು. ಮೇಸ್ತ್ರಿ ಬಾಲ ಮುದುರಿ ಪಕ್ಕಕ್ಕೆ ಸರಿದ. ದಂಡೆಯ ಮೇಲೆ ಮ್ಯಾನೇಜರು ಅತಿಥಿಗಳಿಗೆ ವಿವರಿಸುತ್ತಿದ್ದ.

"ಹಡಗಿಗೆ ಬೇಕಾದ್ದೆಲ್ಲ ನಮ್ಮಲ್ಲೇ ಇದೆ ಸಾರ್. ವೆಲ್ಡಿಂಗು, ಪೇಂಟು, ಎಂಜಿನ್ನು. ಈ ಕಡೆಗೆಲ್ಲ ದೊಡ್ಡ ಕ್ರೇನು ನಮ್ಮದೇ. ಕುಡಿಯೋ ನೀರು ತುಂಬಿಸ್ತೀವಿ. ಹಡಗಿನ ಕಕ್ಕಸಿನ ಟ್ಯಾಂಕೂ ಖಾಲಿ ಮಾಡಿಕೊಡ್ತೀವಿ, ಅದಕ್ಕೆ ಬೇರೆ ಪೈಪೇ ಹಾಕ್ಸಿದ್ದೀವಿ."

ಗರಗಸ ಸುತ್ತಿಗೆ ನಿಲ್ಲಿಸಿದಳು. "ಕೇಳಿಸ್ತೇನೇ? ಕಬ್ಬಿಣಕ್ಕೂ ಕಕ್ಕಸು ಮಾಡಿಸ್ತಾರಂತೆ." ಸುತ್ತಿಗೆಯನ್ನು ನೆಲಕ್ಕೆ ಹಾಕಿ ಸೊಸೆಯ ರಟ್ಟೆ ಹಿಡಿದಳು. "ನಡಿ."

"ಎಲ್ಲಿಗತ್ತೆ?"

"ಆಫೀಸಿಗೆ."

ಗುಂಡಿಯ ಮೆಟ್ಟಿಲು ಕಡಿದು. ಅರ್ಧ ಹತ್ತುವಷ್ಟರಲ್ಲಿ ಸೊಸೆಯ ಕಾಲಗುಂಟ ಬೆಚ್ಚಗೆ ಇಳಿಯಿತು. ಅವಳು ಕಂಬಿ ಹಿಡಿದು ಅತ್ತಳು.

"ಅಳ್ಬೇಡ ಮಗಾ. ಉಳಿದದ್ದನ್ನಾದ್ರೂ ಕುಂಡೆ ಊರಿ ಹೊಯ್ಯುವಂತೆ, ಬಾ."

ಆಫೀಸಿನ ಪಡಸಾಲೆಯ ತುದಿಯಲ್ಲಿ ಕಕ್ಕಸಿನ ಬಿಳಿ ಬಾಗಿಲು. ಮೇಸ್ತ್ರಿ ಏದುಸಿರು ಬಿಡುತ್ತ ಬಂದು ಅಡ್ಡ ನಿಂತ.

"ಬೋರ್ಡು ಓದಕ್ಕೆ ಬರಲ್ವೇನೇ ನಿನಗೆ? ಅತಿಥಿಗಳಿಗೆ ಮಾತ್ರ."

"ಬರುತ್ತೆ. ಅತಿಥಿ ಅವಳ ಹೊಟ್ಟೇಲಿದೆ, ಸರಿ ಅತ್ಲಾಗೆ."

ಅವನನ್ನು ಭುಜದಿಂದ ತಳ್ಳಿ, ಇಬ್ಬರೂ ಒಳಹೊಕ್ಕು ಚಿಲಕ ಹಾಕಿದರು.

ಸೊಸೆ ಕಣ್ಣು ಮುಚ್ಚಿ ಬಹಳ ಹೊತ್ತು ಕೂತಳು. ಗರಗಸ ನಲ್ಲಿ ತಿರುಗಿಸಿದಳು. ಬಿಸಿನೀರು ಬಂತು. ಅವಳಿಗೆ ನಗು ತಡೆಯಲಾಗಲಿಲ್ಲ. ಸೊಸೆಯ ಕಾಲು ತೊಳೆದಳು, ತಲೆ ತೊಳೆದಳು, ತಾನೂ ತಲೆ, ಮುಖ ತೊಳೆದುಕೊಂಡಳು. ಬಿಳಿ ಹಾಸುಗಲ್ಲಿನ ಮೇಲೆ ತುಕ್ಕು ಕೆಂಪಗೆ ಹರಿಯಿತು. ಎಷ್ಟು ತೊಳೆದರೂ ಕೆಂಪು ಮುಗಿಯಲಿಲ್ಲ.

ಚಿಲಕ ತೆಗೆದರೆ ಎದುರಿಗೆ ಸಾಲು. ಗುಂಡಿಯ ಹೆಂಗಸರೆಲ್ಲ ಮೇಲೆ ಬಂದಿದ್ದರು. ಯಾರೂ ಕರೆದಿರಲಿಲ್ಲ. ಮೊದಲನೆಯವಳು ಒಳಗೆ ನುಗ್ಗಿದಳು. ಸಾಲಿನ ಹಿಂದಿನಿಂದ ಮ್ಯಾನೇಜರ ದನಿ ಬಂತು.

"ಏನಿದು ಗಲೀಜು? ನಾಳೆಯಿಂದ ಒಬ್ಬಳಿಗೂ ಕೆಲಸ ಇಲ್ಲ."

"ನಾಳೆ ತನಕ ಯಾಕೆ ಸಾರ್," ಎಂದಳು ಗರಗಸ, ಒದ್ದೆ ತಲೆ ಕೊಡವುತ್ತ. "ಇವತ್ತೇ ಇಲ್ಲ. ಸುತ್ತಿಗೆಗಳೆಲ್ಲ ಕೆಳಗೇ ಬಿದ್ದಿವೆ. ಮೇಸ್ತ್ರಿ ಕೆರೀತಾನೆ, ನೀವು ದೀಪ ಹಿಡೀರಿ."

ಅತಿಥಿಗಳಲ್ಲಿ ಒಬ್ಬ ಮೆಲ್ಲಗೆ ಕೇಳಿದ, "ನಾಳೆ ಪೇಂಟು ಶುರು ಅಂದಿದ್ರಲ್ಲ?"

ಮ್ಯಾನೇಜರು ಕಾವಲುಗಾರನನ್ನು ಕರೆದ. "ಬೀಗ ಜಡಿ ಇದಕ್ಕೆ. ಈಗಲೇ."

ಕಾವಲುಗಾರ ಬೀಗ ತಂದ. ಬಾಗಿಲು ತಟ್ಟಿದ. "ಇದ್ದೀನಿ" ಎಂದಳು ಒಳಗಿದ್ದವಳು. ಅವಳು ಬಂದಳು, ಇನ್ನೊಬ್ಬಳು ಹೋದಳು. ಅವಳೂ "ಇದ್ದೀನಿ" ಎಂದಳು. ಮುಗಿಸಿ ಬಂದವರು ಮನೆಗೆ ಹೋಗಲಿಲ್ಲ, ಗುಂಡಿಗೂ ಇಳಿಯಲಿಲ್ಲ. ಮತ್ತೆ ಸಾಲಿನ ಕೊನೆಗೆ ಹೋಗಿ ಕಾಲು ಚಾಚಿ ಕೂತರು. ಅತಿಥಿಗಳ ಕಾರು ಹೊರಟಿತು. ಕೆಳಗೆ ಹಡಗು ಅರ್ಧ ಬೋಳಿಸಿದ ಗಡ್ಡದಂತೆ ನಿಂತಿತ್ತು.

ಹೊತ್ತು ಇಳಿಯುವಾಗ ಸರದಿ ಸೊಸೆಗೆ ಮತ್ತೆ ಬಂತು. ಅವಳು ಎದ್ದು, ಸೆರಗು ಸರಿಮಾಡಿಕೊಂಡು, ಆರಾಮಾಗಿ ಒಳಗೆ ಹೋದಳು. ಕಾವಲುಗಾರ ಬೀಗವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.