ಸೇವಂತಿಗೆಯ ದಾಯಾದಿ

ಸಿಡ್ನಿಯ ಕೆಲ್ಲಿವಿಲ್‌ನ ಆ ಮನೆಯ ಬಾಗಿಲಲ್ಲಿ ನಲವತ್ತು ಜೊತೆ ಚಪ್ಪಲಿ ಬಿದ್ದಿದ್ದವು. ಒಂದು ಗಿಡ ನೋಡುವುದಕ್ಕೆ ಇಷ್ಟು ಜನವೇ ಎಂದು ನಿಹಾರಿಕಾಗೆ ನಗು ಬಂತು. ಡಿಸೆಂಬರಿನ ಸಂಜೆ, ಬೆಳಕಿನ್ನೂ ಪೂರ್ತಿ ಆರಿರಲಿಲ್ಲ. ಹಿತ್ತಿಲಲ್ಲಿ ಬ್ರಹ್ಮಕಮಲದ ಕುಂಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಜರಿ ಶಾಲು ಸುತ್ತಿ, ಎದುರಿಗೆ ವಿಡಿಯೊಗೆಂದು ಫೋನು ನಿಲ್ಲಿಸಿದ್ದರು. ನೇತಾಡುವ ಮೊಗ್ಗುಗಳು ಯಾವಾಗ ಬಿರಿಯುತ್ತವೋ ಎಂದು ಐಟಿ ಮ್ಯಾನೇಜರುಗಳೂ ಅಕೌಂಟೆಂಟುಗಳೂ ಬಾಯಿ ತೆರೆದುಕೊಂಡು ಕಾಯುತ್ತಿದ್ದರು. ಒಬ್ಬ ಹೆಂಗಸು ಬ್ರಹ್ಮನ ಮೇಲೊಂದು ಹಾಡಿಗಾಗಿ ತಡಕಾಡಿ, ಸಿಗದೆ, ಲಕ್ಷ್ಮಿಯದನ್ನೇ ಹಾಡುತ್ತಿದ್ದರು.

ನಿಹಾರಿಕಾ ಮೆಲ್ಬರ್ನಿನ ಕ್ಲೇಟನ್‌ನಲ್ಲಿ ಸಸ್ಯಶಾಸ್ತ್ರದ ಪಿಎಚ್‌ಡಿ ಮಾಡುತ್ತಿದ್ದಳು. ಸಿಡ್ನಿಗೆ ಬಂದದ್ದು ಒಂದು ಸಮ್ಮೇಳನಕ್ಕೆ. ಹೋಟೆಲು ಬೇಡ, ಗುಣವತಿ ಮನೆಯಲ್ಲೇ ಉಳಿ ಎಂದು ದಾವಣಗೆರೆಯಿಂದ ಅಮ್ಮ ಹಟ ಹಿಡಿದಿದ್ದರು. ಗುಣವತಿ ಹಿಂದೆ ಅಮ್ಮನ ಜೊತೆ ಒಂದೇ ಬ್ಯಾಂಕಿನಲ್ಲಿದ್ದವರು. ಅವರ ಗಂಡ ಉಡುಪಿ ಕಡೆಯ ದೂಮಪ್ಪ. ತಾವು ಹೇಳಿದ್ದನ್ನು ಎರಡು ಸಲ ಹೇಳದಿದ್ದರೆ ಅದು ನಿಜವಾಗುವುದಿಲ್ಲ ಎಂದು ನಂಬಿದ ಮನುಷ್ಯ.

"ಬ್ರಹ್ಮಕಮಲ ಅಂದ್ರೆ ಸುಮ್ಮನೆ ಅಲ್ಲ. ಹಿಮಾಲಯದ್ದು. ದೇವರ ಹೂವು, ಹಿಮಾಲಯದ್ದು," ಎಂದು ಅವರು ಫೋನಿಗೆ ವಿವರಿಸುತ್ತಿದ್ದರು.

ನಿಹಾರಿಕಾ ಒಂದು ಗಂಟೆಯಿಂದ ನಾಲಿಗೆ ಕಚ್ಚಿಕೊಂಡಿದ್ದಳು. ಇನ್ನಾಗಲಿಲ್ಲ.

"ಅಂಕಲ್, ಇದು ಕ್ಯಾಕ್ಟಸ್. ಅಮೆರಿಕಾ ಕಡೇದು. ನಮ್ಮ ಪಾಪಸುಕಳ್ಳಿಯ ಸಂಬಂಧಿ."

ಹಾಡು ನಿಂತಿತು. ಪಾಪಸುಕಳ್ಳಿ ಎಂಬ ಮಾತು ಕುಂಡದ ಮೇಲಿನ ಕುಂಕುಮದ ಮೇಲೇ ಬಿದ್ದಂತಾಯಿತು. ಅವಳಿಗೆ ಅದು ಹಿತವೆನಿಸಿತು. ಹಿಮಾಲಯದ ನಿಜವಾದ ಬ್ರಹ್ಮಕಮಲ ಕಮಲವೂ ಅಲ್ಲ, ಕಳ್ಳಿಯೂ ಅಲ್ಲ, ಸೇವಂತಿಗೆಯ ಕುಟುಂಬದ್ದು ಎಂದು ತರಗತಿಯಲ್ಲಿ ಹೇಳುವಂತೆ ಹೇಳಿದಳು. ಗೆದ್ದದ್ದು ಸಾಲದೆ ಫೋನು ತೆಗೆದು ತನ್ನ ಸಂಶೋಧನೆಯ ಹೂವನ್ನು ತೋರಿಸಿದಳು. ಬೆಳ್ಳಿ ರೋಮದ ಎಲೆ, ಬಿಳಿ ದಳ, ನಡುವೆ ನೇರಳೆ. ಮೆಲ್ಬರ್ನಿನಿಂದ ನಾಲ್ಕು ಗಂಟೆ ದೂರದ ಒಂದು ಬೆಟ್ಟದಲ್ಲಿ ಹನ್ನೊಂದು ಗಿಡಗಳಿವೆ, ಲೋಕದಲ್ಲಿ ಇನ್ನೆಲ್ಲೂ ಕಂಡಿಲ್ಲ. ವರ್ಷಗಟ್ಟಲೆ ಕಾದು ಒಂದೇ ಸಲ ಹೂಬಿಟ್ಟು, ಬೀಜ ಚೆಲ್ಲಿ ಸಾಯುವ ಗಿಡ. ಅದಕ್ಕಿನ್ನೂ ಹೆಸರಿಟ್ಟಿಲ್ಲ.

"ಇದೂ ಸೇವಂತಿಗೆ ಕುಟುಂಬದ್ದೇ, ನಿಮ್ಮ ಬ್ರಹ್ಮಕಮಲದ ದಾಯಾದಿ. ಅಸಲಿ ವಂಶ," ಎಂದಳು.

ಬೆಟ್ಟ ಯಾವುದು ಎಂದು ದೂಮಪ್ಪ ಕೇಳಿದರು. ಜಾಗವನ್ನು ಹೆತ್ತವರಿಗೂ ಹೇಳಕೂಡದೆಂದು ಪಿಎಚ್‌ಡಿ ಗೈಡ್ ಹೆಲೆನ್ ಅವಳಿಂದ ಮಾತು ತೆಗೆದುಕೊಂಡಿದ್ದರು. ನಿಹಾರಿಕಾ ಸುತ್ತ ನೋಡಿದಳು. ಶಾಪಿಂಗ್ ಸೆಂಟರಿನಲ್ಲಿ ಬಾಗಿಲ ಹತ್ತಿರ ಪಾರ್ಕಿಂಗ್ ಸಿಗುವ ತನಕ ನಾಲ್ಕು ಸುತ್ತು ಹೊಡೆಯುವ ಜನ. ಇವರು ಬೆಟ್ಟ ಹತ್ತುತ್ತಾರೆಯೇ? ಬೆಟ್ಟದ ಹೆಸರು ಹೇಳಿದಳು. ಸ್ಕೀ ಲಿಫ್ಟಿನ ಕೊನೆಯ ಕಂಬದ ಹಿಂದೆ, ಕಲ್ಲುಗಳ ನಡುವೆ ಎಂದೂ ಹೇಳಿದಳು.

ಜನವರಿಯ ಕೊನೆಗೆ, ಒಂದು ಮಧ್ಯಾಹ್ನ, ಕ್ಲೇಟನ್‌ನಲ್ಲಿ ನಾಲ್ವರು ಹಂಚಿಕೊಂಡಿದ್ದ ಅವಳ ಬಾಡಿಗೆ ಮನೆಯ ಬೆಲ್ಲು ಸದ್ದು ಮಾಡಿತು. ಹೊರಗೆ ದೂಮಪ್ಪ, ಗುಣವತಿ. ಗುಣವತಿಯ ಮಂಡಿಗೆ ಕ್ರೇಪ್ ಬ್ಯಾಂಡೇಜು, ಕೈಯಲ್ಲಿ ಸ್ಟೀಲ್ ಡಬ್ಬಿ.

ಮೆಲ್ಬರ್ನಿನಲ್ಲಿ ಮಗಳು ಅಪೇಕ್ಷಾಳ ಸೀಮಂತ, ನಿನ್ನೆ ಮುಗಿಯಿತು ಎನ್ನುತ್ತ ಒಳಗೆ ಬಂದು ಕೂತರು. ನಿಹಾರಿಕಾ ಚಕ್ಕುಲಿ ಇರಬಹುದೆಂದು ಡಬ್ಬಿ ತೆರೆದಳು. ಒದ್ದೆ ಬಟ್ಟೆಯ ಮೇಲೆ ಎರಡು ಹೂಗಳು ಮಲಗಿದ್ದವು. ಬಿಳಿ ದಳ, ನಡುವೆ ನೇರಳೆ.

ದೂಮಪ್ಪ ವಿವರವಾಗಿ ಹೇಳಿದರು, ಎರಡೆರಡು ಸಲ. ಮೂರು ಕುಟುಂಬ, ಮೊನ್ನೆ ಬೆಳಗಿನ ಜಾವ ಹೊರಟದ್ದು. ಗುಣವತಿ ಎರಡೂವರೆ ಗಂಟೆ ಹತ್ತಿದ್ದಾಳೆ, ಕೊನೆಯ ಏರು ಬರಿಗಾಲಲ್ಲಿ. ಕೈ ತೊಳೆದು, ಗಿಡಕ್ಕೆ ನಮಸ್ಕಾರ ಮಾಡಿ, ಅಪ್ಪಣೆ ಕೇಳಿಯೇ ಕೊಯ್ದದ್ದು. ಕೆಲವು ಬೇರು ಸಮೇತ ಬಂದವು, ಅವನ್ನು ಹಿತ್ತಿಲಲ್ಲಿ ನೆಡುತ್ತಾರಂತೆ.

"ಎಲ್ಲ ಕೊಯ್ಯಲಿಲ್ಲ ಮಾರಾಯ್ತಿ, ನಮಗೆ ಅಷ್ಟು ಗೊತ್ತಾಗ್ತದೆ. ಮೂರು ಬಿಟ್ಟಿದ್ದೇವೆ, ಇಲ್ಲಿ ಮೆಲ್ಬರ್ನಿನ ನಮ್ಮವರಿಗೆ. ಭಾನುವಾರ ಅವರದ್ದು ಬಸ್ಸೇ ಉಂಟು, ಐವತ್ತು ಸೀಟು."

"ಆ ಪಾಪಸುಕಳ್ಳಿಯನ್ನು ಇವರು ಕಸದ ಬಿನ್ನಿಗೆ ಹಾಕಿದ್ರು," ಎಂದರು ಗುಣವತಿ, ನಿಹಾರಿಕಾ ಸಂತೋಷಪಡಲೆಂದು. "ಹದಿನಾಲ್ಕು ವರ್ಷ ಸುಳ್ಳಿಗೇ ದೀಪ ಇಟ್ಟದ್ದಲ್ವಾ ನಾನು."

ಮೂರು. ಬೀಜ ಬಲಿಯಲು ಇನ್ನೂ ಎರಡು ವಾರ ಬೇಕು. ನಿಹಾರಿಕಾ ಮೊದಲು ವಿಜ್ಞಾನ ಹೇಳಿದಳು. ಹೂ ಕಿತ್ತರೆ ಬೀಜವಿಲ್ಲ, ಬೀಜವಿಲ್ಲದಿದ್ದರೆ ವಂಶವೇ ಇಲ್ಲ ಎಂದಳು. ದೂಮಪ್ಪ ತಲೆದೂಗಿ, ದೇವರಿಗೆ ಕೊಟ್ಟದ್ದು ಎಲ್ಲಿಗೆ ಹೋಗುತ್ತದೆ ಎಂದರು. ಕಾನೂನು ಹೇಳಿದಳು. ಅಲ್ಲಿ ಬೋರ್ಡೇ ಇರಲಿಲ್ಲ ಎಂದರು. ಕೊನೆಗೆ, ಇದು ಬ್ರಹ್ಮಕಮಲವೇ ಅಲ್ಲ ಎಂದಳು.

"ನೀನೇ ಅಲ್ವಾ ಹೇಳಿದ್ದು, ಅಸಲಿ ವಂಶ ಅಂತ?" ದೂಮಪ್ಪ ನಕ್ಕರು. "ನಲವತ್ತು ಜನರ ಎದುರಿಗೆ ಹೇಳಿದ್ದು. ಈಗ ಎಲ್ಲರಿಗೂ ಸಿಗ್ತದೆ ಅಂತ ಹೊಟ್ಟೆಕಿಚ್ಚಾ?"

ಹೆಲೆನ್‌ಗೆ ಹೇಳಿದರೆ ಭಾನುವಾರದೊಳಗೆ ಕಾವಲು ಬರುತ್ತದೆ, ನಿಜ. ಜೊತೆಗೆ ಒಂದು ಪ್ರಶ್ನೆಯೂ ಬರುತ್ತದೆ: ಜಾಗ ಹೇಳಿದವರು ಯಾರು? ಆಮೇಲೆ ಪಿಎಚ್‌ಡಿ ಇರುವುದಿಲ್ಲ. ಅವಳು ದೂಮಪ್ಪನವರ ಮುಖ ನೋಡಿದಳು. ಸತ್ಯ ಒಳಗೆ ಹೋಗಲು ಅಲ್ಲೊಂದು ಸಂದೂ ಇರಲಿಲ್ಲ. ಇಂಥವರನ್ನು ತಡೆಯಲು ಇಂಥವರ ಮಾತೇ ಬೇಕು ಎಂದುಕೊಂಡಳು, ತಾತ್ಸಾರದಿಂದ, ಎಷ್ಟು ಸಲೀಸು ಎಂಬ ಸಣ್ಣ ಖುಷಿಯಿಂದ.

"ಹೇಳಬಾರದು ಅಂತಿದ್ದೆ ಅಂಕಲ್. ಅದು ಹೆಣದ ಹೂವು. ಹಿಂದೆ ಆ ಬೆಟ್ಟದಲ್ಲಿ ದನ ಮೇಯಿಸೋರು ಸತ್ತವರ ಎದೆ ಮೇಲೆ ಇಟ್ಟು ಮಣ್ಣು ಮಾಡ್ತಿದ್ರಂತೆ. ಮನೆಯೊಳಗೆ ತರ್ತಿರಲಿಲ್ಲ."

ದೂಮಪ್ಪ ಥಟ್ಟನೆ ಎದ್ದರು. ಫೋನು ತೆಗೆದುಕೊಂಡು ಹೊರಗೆ ಹೋದರು. ಡ್ರೈವ್‌ವೇಯಲ್ಲಿ ಓಡಾಡುತ್ತ, ದನಿ ತಗ್ಗಿಸಿ, ಬಸ್ಸು ಬೇಡ, ಎಲ್ಲರಿಗೂ ಈಗಲೇ ಮೆಸೇಜ್ ಹಾಕಿ ಎನ್ನುತ್ತಿರುವುದು ಕೇಳಿಸಿತು. ಐದು ನಿಮಿಷದಲ್ಲಿ ಮೂರು ಗಿಡ ಉಳಿದವು.

ಗುಣವತಿ ಮಾತ್ರ ಕೂತಲ್ಲೇ ಕೂತಿದ್ದರು. ಡಬ್ಬಿಯ ಮುಚ್ಚಳ ಹಾಕಲು ಹೋದರು, ಅದು ಸರಿಯಾಗಿ ಕೂರಲಿಲ್ಲ.

"ನಿನ್ನೆ ಅಪೇಕ್ಷಾಳ ತಲೆಗೆ ಮುಡಿಸಿದ್ದು ನಾನೇ," ಎಂದರು. "ಏಳು ತಿಂಗಳು ಅವಳಿಗೆ. ಇದಕ್ಕೆ ಮೊದಲು ಎರಡು ಹೋಗಿದೆ. ನಿನ್ನ ಅಮ್ಮನಿಗೆ ಬಿಟ್ರೆ ಯಾರಿಗೂ ಹೇಳಿಲ್ಲ."

ಸುಳ್ಳು ಆಂಟಿ, ನಾನು ಕಟ್ಟಿದ್ದು, ಎಂದರೆ ಮುಗಿಯುತ್ತಿತ್ತು. ಹೊರಗೆ ದೂಮಪ್ಪ ಇನ್ನೂ ಫೋನಿನಲ್ಲಿದ್ದರು. ಬಸ್ಸು ಮತ್ತೆ ಹೊರಡಲು ಅವರ ಒಂದು ಮಾತು ಸಾಕಿತ್ತು.

"ನೀನು ಓದಿದವಳು. ಇದಕ್ಕೆ ಎಂತ ಮಾಡಬೇಕು ಹೇಳು."

ನಿಹಾರಿಕಾ ಬಾಯಿ ತೆರೆದಳು. ಹೊರಟ ದನಿ ಅವಳಿಗೇ ಗುರುತು ಸಿಗಲಿಲ್ಲ. ಶಾಂತವಾಗಿತ್ತು, ಅನುಭವಸ್ಥರದಂತಿತ್ತು.

"ಅವಳಿಗೆ ತಲೆಗೆ ನೀರು ಹಾಕಿಸಿ. ಈ ಹೂವನ್ನ ಹರಿಯೋ ನೀರಿಗೆ ಬಿಡಿ. ಶನಿವಾರ ಎಳ್ಳೆಣ್ಣೆ ದೀಪ ಹಚ್ಚಿ."

ಗುಣವತಿ ಕನ್ನಡಕ ಹಾಕಿಕೊಂಡು ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆದುಕೊಂಡರು.

"ಎಷ್ಟು ಶನಿವಾರ?"

"ಐದು," ಎಂದಳು ನಿಹಾರಿಕಾ.