ಬದುವಿನ ಅಗಲ

ಹಿಂದಿನ ಬೆಳೆಯಲ್ಲಿ ಇಲಿಗಳು ಗದ್ದೆಯ ನಡುಭಾಗವನ್ನೇ ಕತ್ತರಿಸಿ ಹಾಕಿದ್ದವು. ವಿಷ ಇಟ್ಟರೆ, ಅದನ್ನು ತಿಂದ ಇಲಿಗಳನ್ನು ಹಿಡಿದು ತಿಂದ ಗೂಬೆಗಳೂ ಸತ್ತವು. ಅದಕ್ಕೇ ಈ ಸಲ ಅಕ್ಕಪಕ್ಕದ ರೈತರೆಲ್ಲ ಕೂತು ಮಾತಾಡಿಕೊಂಡರು: ವಿಷ ಬೇಡ, ಎಲ್ಲರೂ ಒಟ್ಟಿಗೇ ನಾಟಿ ಮಾಡೋಣ, ಅದಕ್ಕೂ ಮುಂಚೆ ಬದುಗಳನ್ನು ಒಂದಡಿಗಿಂತ ಕಿರಿದಾಗಿ ಕಡಿಯೋಣ. ಬದು ತೆಳುವಾದರೆ ಇಲಿಗೆ ಬಿಲ ತೋಡಲು ಜಾಗ ಸಿಗುವುದಿಲ್ಲ.

ಎಲ್ಲರ ಬದುವೂ ಕಿರಿದಾಯಿತು. ಉಳಿದದ್ದು ಒಂದೇ, ಅತ್ತೆ ಸೊಸೆಯರಿದ್ದ ಒಂದು ಮನೆಯ ಹಿತ್ತಿಲಿನಿಂದ ಗದ್ದೆಗೆ ಹೋಗುವ ಬದು. ಅತ್ತೆಯ ಸೊಂಟ ಮುರಿದಾಗ ಮಾವ ತಾವೇ ಮಣ್ಣು ಹೊತ್ತು ಅದನ್ನು ಅಗಲ ಮಾಡಿದ್ದರು. ಮಾವ ಹೋದ ಮೇಲೂ ಅತ್ತೆ ದಿನವೂ ಕೋಲೂರಿಕೊಂಡು ಅದರ ಮೇಲೆ ನಡೆಯುತ್ತಿದ್ದರು.

"ಅಮ್ಮನಿಗೆ ನೀನೇ ಹೇಳು," ಎಂದು ಗಂಡ ಜಾರಿಕೊಂಡ.

"ಅವರು ನಿಮ್ಮಮ್ಮ ತಾನೇ?"

"ಅದಕ್ಕೇ ಹೇಳ್ತಿರೋದು. ನನ್ನ ಮಾತನ್ನ ಅವಳು ಯಾವತ್ತು ಕಿವಿಗೆ ಹಾಕ್ಕೊಂಡಿದಾಳೆ?"

ಸೊಸೆಗೆ ಕೂತಲ್ಲಿ ಕೂರಲಾಗಲಿಲ್ಲ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದಳು, ತೊಳೆದ ಪಾತ್ರೆಯನ್ನೇ ತೊಳೆದಳು. ಆಚೆ ಗದ್ದೆಯವನು ದಾರಿಯಲ್ಲೇ ನಿಂತು ಕೂಗಿದ: "ಬೇಗ ಕಡಿಯಮ್ಮ! ಊರ ಇಲಿಗೆಲ್ಲ ನಿಮ್ಮ ಬದುವೇ ತವರುಮನೆ ಆಗ್ಬಿಡತ್ತೆ!"

ಕೊನೆಗೆ ಅವಳೇ ಹೇಳಿದಳು. ಅತ್ತೆ ತಟ್ಟೆಯಿಂದ ತಲೆ ಎತ್ತಲಿಲ್ಲ.

"ನಿಮ್ಮ ಕಾಲು ಕತ್ತರಿಸ್ತೀನಿ ಅಂತ ನೇರವಾಗೇ ಹೇಳು."

ಸೊಸೆ ಇವತ್ತು ನಾಳೆ ಎಂದು ಮುಂದೂಡಿದಳು. ಆದರೆ ಒಂದು ಬೆಳಗ್ಗೆ ಬದುವಿನ ಬದಿಯಲ್ಲಿ ಇಲಿ ತೋಡಿ ಹಾಕಿದ ಹೊಸ ಮಣ್ಣಿನ ಗುಪ್ಪೆ ಕಂಡಿತು. ಅವಳು ಗುದ್ದಲಿ ತಂದು ಕಡಿಯತೊಡಗಿದಳು.

ಅರ್ಧ ದೂರ ಹೋಗುವಷ್ಟರಲ್ಲಿ ಮಣ್ಣು ಕುಸಿದು ಗೂಡು ತೆರೆದುಕೊಂಡಿತು. ಒಣಹುಲ್ಲಿನ ಮೇಲೆ ಕಣ್ಣು ಬಿಡದ ಗುಲಾಬಿ ಬಣ್ಣದ ಮರಿಗಳು. ಅವಳ ಕೈ ನಿಂತುಹೋಯಿತು.

"ನಿಂತ್ಯಾಕೆ? ತಾಯಿ ಬಿಲದ ಇನ್ನೊಂದು ಬಾಯಿಂದ ಓಡತ್ತೆ, ಅದನ್ನ ಮುಚ್ಚು!"

ಅತ್ತೆ! ಹಿತ್ತಿಲಿನಿಂದ ಬಂದು, ಇನ್ನೂ ಕಡಿಯದ ಬದುವಿನ ಮೇಲೆ ನಿಂತಿದ್ದರು. ಅಷ್ಟರಲ್ಲಿ ತಾಯಿ ಇಲಿ ಅವರ ಕಾಲಬುಡದಲ್ಲೇ ನುಗ್ಗಿತು. ಕೋಲು ಬೀಸಿದರು, ಗುರಿ ತಪ್ಪಿತು, ಕೆಸರಿಗೆ ಬಿದ್ದರು.

"ಅತ್ತೆ! ಸೊಂಟ—"

"ಸೊಂಟಕ್ಕೇನೂ ಆಗಿಲ್ಲ. ಸಿಕ್ತಾ ಅದು?"

"ತಪ್ಪಿಸ್ಕೊಂಡಿತು."

"ದರಿದ್ರದ್ದು!" ಕೆಸರಲ್ಲೇ ಕೂತು ಗೂಡಿನತ್ತ ಬಗ್ಗಿ ನೋಡಿದರು. "ನಾನು ದಿನಾ ಇವುಗಳ ಮನೆ ಮೇಲೇ ಓಡಾಡ್ತಿದ್ದೆ ನೋಡು. ಕಡಿ. ಪೂರ್ತಿ ಕಡಿ."

ಸೊಸೆ ಅವರನ್ನು ಬೆನ್ನ ಮೇಲೆ ಹೊತ್ತು ಮನೆಗೆ ತಂದಳು. ಅತ್ತೆ ಇಷ್ಟು ಹಗುರವೆಂದು ಅವಳಿಗೆ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಅವರ ಗಲ್ಲ ಅವಳ ಹೆಗಲಿಗೆ ಒತ್ತಿಕೊಂಡಿತ್ತು. ಅದು ಮುನಿಸೋ ಸುಸ್ತೋ ತಿಳಿಯಲಿಲ್ಲ.

ಸಂಜೆಯೊಳಗೆ ಬದು ಕಿರಿದಾಯಿತು. ಆ ಬೆಳೆಯಲ್ಲಿ ಇಲಿ ತಿಂದದ್ದು ಒಂದು ಮೂಲೆ ಮಾತ್ರ. ಕಿರಿದಾದ ಬದುವಿನ ಮೇಲೆ ಕೋಲೂರಿ ನಡೆಯಲಾಗದೆ ಅತ್ತೆ ಮತ್ತೆ ಗದ್ದೆಗೆ ಹೋಗಲಿಲ್ಲ. ಹಿತ್ತಿಲ ಬಾಗಿಲಲ್ಲಿ ಕೂತು, ಸೊಸೆ ಗದ್ದೆಯಿಂದ ಬಂದ ಕೂಡಲೇ ಪೈರಿನ ಬಗ್ಗೆ ಪ್ರಶ್ನೆಗಳ ಮಳೆ ಸುರಿಸುತ್ತಿದ್ದರು. ಎಷ್ಟು ಹೇಳಿದರೂ ಅವರಿಗೆ ಸಾಲುತ್ತಿರಲಿಲ್ಲ. ಸೊಸೆ ಚಪ್ಪಲಿ ಮೆಟ್ಟಿಕೊಂಡು ಇನ್ನೊಂದು ಸಲ ನೋಡಿ ಬರಲು ಹೊರಡುತ್ತಿದ್ದಳು.