ಫಾಯಿನಾ ಅಕ್ಕನ ಸುಳ್ಳು ಕ್ಯಾಮೆರಾ

ನನ್ನ ಗಂಡ ವೆನ್ಯಾನ ಕಾರಿನ ಮುಂದಿನ ಗಾಜಿಗೆ ಮೂರು ರೇಡಾರ್ ಡಿಟೆಕ್ಟರ್ ಅಂಟಿಕೊಂಡಿವೆ. ವೇಗ ಹಿಡಿಯೋ ಕ್ಯಾಮೆರಾ ಎಲ್ಲಿದೆ ಅಂತ ಮೊದಲೇ ಕೂಗಿ ಹೇಳೋ ಯಂತ್ರಗಳು. ರಷ್ಯಾದ ನಮ್ಮ ಪೆನ್ಜಾ ಕಡೆ ಇದು ಒಂದಿಲ್ಲದ ಕಾರು ಕಡಿಮೆ. ಆದರೆ ಮೂರು? "ಮೂರು ಹೆಂಡಿರ ಗಂಡನೂ ಇಷ್ಟು ಗಲಾಟೆ ಸಹಿಸಲ್ಲ ಕಣೋ" ಅಂತ ನಾನಂದರೆ, "ಪರೀಕ್ಷೆ ನಡೀತಿದೆ ಕಾಪಾ, ಬಾಯಿ ಮುಚ್ಚು" ಅಂತಾನೆ.

ಪರೀಕ್ಷೆ ಅಂದರೆ ಬೇರೇನಿಲ್ಲ. ಅವನ ಕೆಲಸ ಊರೂರಿನ ಗ್ಯಾರೇಜುಗಳಿಗೆ ಬಿಡಿಭಾಗ ಮುಟ್ಟಿಸೋದು. ದಿನಾ ಹೋಗೋ ಅದೇ ರಸ್ತೆಯಲ್ಲಿ ಮೂರನ್ನೂ ಒಟ್ಟಿಗೆ ಹಚ್ಚಿಟ್ಟು, ಯಾವುದು ಮೊದಲು ಕೂಗಿತು, ಯಾವುದು ಸುಮ್ಮನೆ ಕೂಗಿತು ಅಂತ ನೋಡ್ತಾನೆ. ಅಗ್ಗದ್ದು ಇದೆಯಲ್ಲ, ಅದು ಅಂಗಡಿಯ ತಾನೇ ತೆರೆಯೋ ಬಾಗಿಲು ಕಂಡರೂ ಅರಚುತ್ತೆ. ನಡುವಿನದು ದಿಬ್ಬದ ಆಚೆ ಕ್ಯಾಮೆರಾ ಇದ್ದರೆ, ದಾಟಿ ಹೋದ ಮೇಲೆ ಹೇಳುತ್ತೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ದುಬಾರಿಯದು ಮಾತ್ರ ಗಂಭೀರ. ಹೆಣ್ಣು ದನಿಯಲ್ಲಿ, ಬೇಕಾದಾಗ ಮಾತ್ರ ಮಾತಾಡುತ್ತೆ. "ನೋಡಿ ಕಲಿ" ಅಂತಾನೆ ನನಗೆ. ಅವನ ತಲೆ!

ಇದನ್ನೆಲ್ಲ ಅವನು ಫೋನಿನಲ್ಲಿರೋ ಚಾಲಕರ ಗುಂಪಿನಲ್ಲಿ ಬರೀತಿದ್ದ. ಅಲ್ಲಿ ಎಲ್ಲರೂ ಸೇರಿ ಬೆಳೆಸಿದ ಒಂದು ನಕ್ಷೆ ಇದೆ. ಎಲ್ಲಿ ಕ್ಯಾಮೆರಾ, ಎಲ್ಲಿ ಪೊಲೀಸರು ಪೊದೆಯಲ್ಲಿ ಕೂತಿದ್ದಾರೆ ಅಂತ ಕಂಡವರು ಗುರುತು ಹಾಕಬೇಕು, ಆ ಕಡೆ ಹೋದ ಬೇರೆಯವರು ಹೌದು ಅಥವಾ ಅಲ್ಲ ಅನ್ನಬೇಕು. ಸುಳ್ಳು ಗುರುತು ಹಾಕಿದವನು ಅವರ ಕಣ್ಣಲ್ಲಿ ಕಳ್ಳನಿಗಿಂತ ಕಡೆ. ಆ ಗುಂಪಿನಲ್ಲಿ ವೆನ್ಯಾನ ಮಾತೇ ಮಾತಾಗಿತ್ತು. ಅವನಿಗೆ ಮನೆಯಲ್ಲಿ ಸಿಗದ ಮರ್ಯಾದೆ ಅಲ್ಲಿ ಸಿಗುತ್ತಿತ್ತು ಅಂತ ಒಪ್ಪಿಕೊಳ್ಳಬೇಕು.

ಹೋದ ಶರತ್ಕಾಲದಲ್ಲಿ ಒಂದು ಬುಧವಾರ ನಗ್ತಾ ಮನೆಗೆ ಬಂದ. "ನಿಮ್ಮಕ್ಕನ ಊರಲ್ಲಿ ಹೊಸ ಕ್ಯಾಮೆರಾ ಬಂದಿದೆ ಕಣೇ! ಇವತ್ತು ಬಹಳ ದಿನದ ಮೇಲೆ ಆ ಕಡೆ ಹೋಗಿದ್ದೆ. ಬೂದು ಪೆಟ್ಟಿಗೆ, ಕಂಬದ ಮೇಲೆ. ಎಲ್ಲರೂ ಬ್ರೇಕ್ ಒತ್ತಿ ಬೆಕ್ಕಿನ ಹಾಗೆ ಹೋಗ್ತಿದಾರೆ. ನನ್ನ ಮೂರಕ್ಕೂ ಉಸಿರಿಲ್ಲ. ಅನುಮಾನ ಬಂತು. ಇಳಿದು ನೋಡಿದ್ರೆ ಏನು ಹೇಳು? ಹಕ್ಕಿಗೂಡು! ಹಕ್ಕಿ ಹೋಗೋ ತೂತಿಗೆ ಹಳೇ ಟಾರ್ಚಿನ ಗಾಜು ಮೆತ್ತಿದಾರೆ!"

"ಆಮೇಲೆ?"

"ಆಮೇಲೇನು, ನಕ್ಷೆಯಲ್ಲಿ ಹಾಕಿದೆ. ಸುಳ್ಳು ಕ್ಯಾಮೆರಾ, ನಿಧಾನಿಸಬೇಕಿಲ್ಲ ಅಂತ. ಪಾಪ, ಜನ ಸುಮ್ನೆ ಮೋಸ ಹೋಗ್ತಿದ್ರು."

ನಾನೂ ನಕ್ಕೆ. ಯಾರೋ ಪೋಲಿ ಹುಡುಗರ ಕೆಲಸ ಅಂದುಕೊಂಡೆ.

ಭಾನುವಾರ ಅಕ್ಕನ ಮನೆಗೆ ಹೋದೆವು. ಫಾಯಿನಾ ಅಕ್ಕನ ಮನೆ ಹೆದ್ದಾರಿಯ ಈ ಬದಿ, ಅಂಗಡಿ, ಬಸ್ಸು, ಅವಳು ಅಡುಗೆ ಮಾಡೋ ಶಿಶುವಿಹಾರ ಎಲ್ಲ ಆ ಬದಿ. ಮೊಣಕಾಲು ಕೆಟ್ಟ ಮೇಲೆ ಅವಳಿಗೆ ಓಡಲಿಕ್ಕಾಗಲ್ಲ. ಎಲೆಕೋಸಿನ ಕಡುಬು, ಉಪ್ಪಿನಲ್ಲಿ ಹಾಕಿದ ಅಣಬೆ ಎಲ್ಲ ಮೇಜಿನ ಮೇಲಿಟ್ಟಳು. ಅವಳ ಅಂಗೈ ತರಚಿ ಹೋಗಿತ್ತು.

"ಇದೇನಕ್ಕಾ?"

"ನಿನ್ನೆ ದಾಟ್ತಿದ್ದೆ. ಲಾರಿಯ ಕನ್ನಡಿ ನನ್ನ ಕೈಚೀಲ ಕಿತ್ಕೊಂಡು ಹೋಯ್ತು. ಚೀಲದ ಜೊತೆ ನಾನೂ ಹೋಗ್ಬೇಕಿತ್ತು, ದೇವರು ದೊಡ್ಡೋನು." ಕೂತು ಉಸಿರು ಬಿಟ್ಟಳು. "ಒಂದು ತಿಂಗಳು ಎಷ್ಟು ಚೆನ್ನಾಗಿತ್ತು ಗೊತ್ತಾ ಕಾಪಾ! ಕ್ಯಾಮೆರಾ ಹಾಕ್ಸಿ ಅಂತ ರಸ್ತೆ ಕಚೇರಿಗೆ ಹೋದ್ರೆ, ನಿಮ್ಮ ರಸ್ತೇಲಿ ಇನ್ನೂ ಯಾರೂ ಸತ್ತಿಲ್ಲ ಅಂದ್ರು. ನಾನು ಸಾಯೋ ತನಕ ಯಾಕೆ ಕಾಯ್ಲಿ ಅಂತ ನಾನೇ ಒಂದು ಮಾಡ್ದೆ. ಹಕ್ಕಿಗೂಡಿಗೆ ಬಣ್ಣ ಬಳಿದು ಕಂಬಕ್ಕೆ ಹಾಕಿದೆ. ಎಲ್ಲ ಗಾಡಿಗಳೂ ಕುರಿಮರಿ ಹಾಗೆ ಹೋಗ್ತಿದ್ವು. ಈ ವಾರ ಯಾವ ಮನೆಹಾಳನೋ ಎಲ್ಲರಿಗೂ ಹೇಳಿಬಿಟ್ಟಿದಾನೆ. ಈಗ ಮೊದಲಿಗಿಂತ ಜೋರು. ವೆನ್ಯಾ, ನಿಂಗೆ ಇವೆಲ್ಲ ಗೊತ್ತಲ್ಲ, ಯಾರು ಅಂತ ಸ್ವಲ್ಪ ಪತ್ತೆ ಮಾಡಪ್ಪ."

ವೆನ್ಯಾನ ಬಾಯಿಗೆ ಹೋಗುತ್ತಿದ್ದ ಕಡುಬು ಅಲ್ಲೇ ನಿಂತಿತು. ನಾನು ಅವನ ಮುಖ ನೋಡಲಿಲ್ಲ. ನೋಡಿದ್ದರೆ ಅಕ್ಕನ ಎದುರೇ ಎರಡು ಬಾರಿಸುತ್ತಿದ್ದೆನೋ ಏನೋ. ಸುಳ್ಳು ಹೇಳಿ ಪಾರಾಗಬಹುದಿತ್ತು ಅವನು. ಹೇಳಲಿಲ್ಲ, ಅಷ್ಟು ಮಟ್ಟಿಗೆ ಮನುಷ್ಯ.

"ನಾನೇ, ಅತ್ತಿಗೆ" ಅಂದ.

ಅಕ್ಕ ಕೈಲಿದ್ದ ಚಮಚ ಕೆಳಗಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು. "ನೀನು ನನ್ನ ಕೇಳ್ಬಹುದಿತ್ತಲ್ಲೋ" ಅಂದಳು. "ಬಾಗಿಲು ಇಲ್ಲೇ ಇತ್ತು."

ಮನೆಗೆ ಬಂದವನೇ ನಕ್ಷೆ ತೆರೆದ. ಗುರುತು ಅಳಿಸಲು ಆಗಲೇ ಇಲ್ಲ. ಅಷ್ಟರಲ್ಲಿ ಎಷ್ಟೋ ಜನ ನೋಡಿಬಂದು, ಹೌದು, ಸುಳ್ಳು ಕ್ಯಾಮೆರಾನೇ, ವೆನ್ಯಾ ಹೇಳಿದ್ದು ನಿಜ ಅಂತ ಒತ್ತಿ ಗಟ್ಟಿ ಮಾಡಿಬಿಟ್ಟಿದ್ದರು. ಆಡಿದ ಮಾತು, ಒಡೆದ ಮುತ್ತು. ಕಿಟಕಿ ಪಕ್ಕ ಕೂತು ತಲೆ ಕೆರೆದುಕೊಂಡ. ಮರುದಿನ ಅಕ್ಕ ಕೆಲಸಕ್ಕೆ ಹೊರಡೋ ಹೊತ್ತಿಗಿಂತ ಮುಂಚೆ, ಅವಳ ಮನೆ ಮುಂದೆ ಹೊಸ ಗುರುತು ಹಾಕಿದ. ಪೊಲೀಸರು ಪೊದೆಯಲ್ಲಿದ್ದಾರೆ, ಹುಷಾರು. ಪೊದೆಯಲ್ಲಿ ಯಾರೂ ಇರಲಿಲ್ಲ. ಅವನ ಬದುಕಿನ ಮೊದಲ ಸುಳ್ಳು ಗುರುತು ಅದು.

ಮಧ್ಯಾಹ್ನದ ಹೊತ್ತಿಗೆ ಜನ ಅಲ್ಲ ಅಲ್ಲ ಅಂತ ಒತ್ತಿ ಅದನ್ನು ಅಳಿಸಿದರು. ಅಕ್ಕ ವಾಪಸು ದಾಟೋ ಮುಂಚೆ ಮತ್ತೆ ಹಾಕಿದ. ಹೀಗೇ ದಿನಾ. ಫೋನಿನಲ್ಲಿ ಅಕ್ಕ, "ಈಗ ಪರವಾಗಿಲ್ಲ ಕಣೇ, ನಿಧಾನ ಆಗಿದಾರೆ" ಅನ್ನುತ್ತಿದ್ದಳು. ಯಾಕೆ ಅಂತ ನಾವು ಹೇಳಲಿಲ್ಲ.

ಒಂದು ಸಂಜೆ ಅವನ ಹಳೆಯ ಸ್ನೇಹಿತ ಸವೇಲಿ ಬಂದ. ಟೋಪಿ ಕೂಡ ತೆಗೆಯಲಿಲ್ಲ. "ಏನೋ ಮಾರಾಯ, ನಿನ್ನ ಫೋನು ಯಾರಾದ್ರೂ ಕದ್ದಿದಾರಾ? ಗುಂಪಲ್ಲಿ ನಿನ್ನ ಸುಳ್ಳುಗಾರ ಅಂತಿದಾರೆ. ಆ ಡಿಟೆಕ್ಟರ್ ಪರೀಕ್ಷೆಗಳೂ ಕಟ್ಟುಕಥೆ, ದುಬಾರಿಯದರ ಅಂಗಡಿಯೋರು ದುಡ್ಡು ಕೊಟ್ಟಿದಾರೆ ಅಂತೆ. ನಾನು ನಿನ್ನ ಪರ ಜಗಳ ಆಡ್ದೆ ಕಣೋ. ಒಂದು ಮಾತು ಹೇಳು, ಹೋಗಿ ಅವರ ಮುಖಕ್ಕೆ ಹೇಳ್ತೀನಿ."

ವೆನ್ಯಾ ನಿಜ ಹೇಳೋ ಹಾಗಿರಲಿಲ್ಲ. ಹೇಳಿದರೆ ಅಕ್ಕನ ಮನೆ ಮುಂದಿನ ಗುರುತಿಗೆ ಮತ್ತೆ ಯಾರೂ ಹೆದರಲ್ಲ. ಟೀ ಕುಡಿ ಅಂದ. ಸವೇಲಿ ಕುಡಿಯದೆ ಎದ್ದು ಹೋದ. ನನ್ನ ಗಂಡನ ಮೇಲೆ ನನಗೆ ಅಷ್ಟು ಕನಿಕರ ಬಂದದ್ದು, ಅಷ್ಟು ಅಭಿಮಾನ ಬಂದದ್ದು ಒಟ್ಟಿಗೇ.

ಮರುದಿನ ಬೆಳಿಗ್ಗೆ ಗುರುತು ಹಾಕಲು ಹೋದರೆ ಫೋನು ಒಪ್ಪಲಿಲ್ಲ. ಅವನನ್ನು ಗುಂಪಿನಿಂದ ಹೊರಗೆ ಹಾಕಿದ್ದರು. ವರ್ಷಗಟ್ಟಲೆ ಕಟ್ಟಿದ ಹೆಸರು, ಪರೀಕ್ಷೆಯ ಬರಹ, ಎಲ್ಲ ಹೋಯಿತು. ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟ. "ಅತ್ತಿಗೆ ಈಗ ಹೊರಡೋ ಹೊತ್ತು ಕಾಪಾ" ಅಂದ. ಅಷ್ಟೇ ಅಂದ. ತನ್ನ ಹೆಸರಿನ ಮಾತೇ ಎತ್ತಲಿಲ್ಲ.

ನಾನು ಒಲೆ ಆರಿಸಿ, ಕೈ ಒರೆಸಿಕೊಂಡು, ನನ್ನ ಫೋನು ತಂದು ಅವನ ಪಕ್ಕ ಕೂತೆ. ನನಗೆ ಕಾರು ಓಡಿಸಲು ಬರಲ್ಲ. "ಎಲ್ಲಿ ಒತ್ತಬೇಕು ಹೇಳು" ಅಂದೆ. ತೋರಿಸಿದ. ನಕ್ಷೆ ನನ್ನ ಹೆಸರು ಕೇಳಿತು, ಕೊಟ್ಟೆ. ಕಪಿತೊಲಿನಾ, ಪೂರ್ತಿ ಹೆಸರು. ಪೊಲೀಸರಿದ್ದಾರೆ ಅಂತ ಅಕ್ಕನ ಮನೆ ಮುಂದೆ ಬೆರಳಿಟ್ಟೆ. ಆಗ ಅದು ಒಂದು ಪ್ರಶ್ನೆ ಕೇಳಿತು: ನೀವು ಕಣ್ಣಾರೆ ನೋಡಿದ್ದೀರಾ?

ವೆನ್ಯಾ ನನ್ನ ಮುಖ ನೋಡಿದ.

ನನ್ನ ಕಣ್ಣಿಗೆ ಕಂಡದ್ದು ರಸ್ತೆ ನಡುವೆ ಮೊಣಕಾಲು ಹಿಡಿದುಕೊಂಡು ನಿಂತ ನನ್ನಕ್ಕ. ಹೌದು ಅಂತ ಒತ್ತಿದೆ.